ಕಲ್ಯಾಣ ನಾಡಿನ ಹೆಂಡದ ಚರಿತ್ರೆ

ಜರ್ಮನಿಯ ರೈನ್‌ಗೌ ಎಂಬ ಸೀಮೆಯಲ್ಲಿ ಸಿಸ್ಟರ್ಸಿಯನ್ ಪಂಥದ ಕ್ರೈಸ್ತ ಸನ್ಯಾಸಿಗಳು 1136ರಲ್ಲಿ ಎಬರ್‌ಬಾಖ್ ಮಠವನ್ನು ಸ್ಥಾಪಿಸಿ ದ್ರಾಕ್ಷಿ ತೋಟಗಳನ್ನು ಬೆಳೆಸಲು ತೊಡಗಿದಾಗ, ಅಂದಿನ ಕಲ್ಯಾಣ, ಎಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವು ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ರಾಜಧಾನಿಯಾಗಿತ್ತು. ಅವನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಮದಿರಾಪಾನವನ್ನು ಅರಸನ ಕ್ರೀಡೆಗಳ ಸಾಲಿನಲ್ಲಿಯೇ ಇರಿಸಿ ವರ್ಣಿಸುತ್ತದೆ. ರೈನ್‌ಗೌನಲ್ಲಿ ರೈನ್ ನದಿ ಪಶ್ಚಿಮಕ್ಕೆ ತಿರುಗಿ ಹರಿಯುವುದರಿಂದ ಅದರ ಬಲದಂಡೆಯ ಇಳಿಜಾರುಗಳು ದಕ್ಷಿಣದ ಬಿಸಿಲಿಗೆ ಮುಖ ಮಾಡಿವೆ. ಬೆನ್ನಿಗಿರುವ ಟೌನಸ್ ಬೆಟ್ಟಗಳು ಚಳಿಗಾಳಿಯನ್ನು ತಡೆಯುತ್ತವೆ. ಆ ಸೀಮೆಯ ಹೆಸರನ್ನು ಬೆಳಗಿದ ಬಿಳಿ ದ್ರಾಕ್ಷಿ ರೀಸ್ಲಿಂಗ್‌ನ ಸಸಿಗಳನ್ನು ಕೊಂಡ ಲೆಕ್ಕವು ನೆರೆಯ ರ್ಯೂಸೆಲ್ಸ್‌ಹೈಮ್‌ನ 1435ರ ಕಡತದಲ್ಲಿ ಉಳಿದಿದೆ.

ಬಸವಕಲ್ಯಾಣ, ಹುಮನಾಬಾದ್‌ಗಳ ಜನಸಾಮಾನ್ಯರ ಪಾನೀಯಕ್ಕೆ ಇಂಥ ಕಡತವೂ ಕೂಡಿಡುವ ನೆಲಮಾಳಿಗೆಯೂ ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ಹಳ್ಳದ ದಂಡೆಯಲ್ಲಿ ತಾನಾಗಿ ಬೆಳೆಯುವ ಈಚಲು ಮರದ ರಸವನ್ನು ಇಳಿಸಿ ಮಾಡುವ ಹೆಂಡವೇ ಈ ಭಾಗದಲ್ಲಿ ಸೇಂದಿ ಎನಿಸಿಕೊಂಡಿದೆ. ಹೆಂಡ ಇಳಿಸುವುದೇ ಕುಲಕಸುಬಾಗಿದ್ದ ಈಡಿಗರು ಮರದ ತಲೆಯ ಒಂದು ಬದಿಯ ಗರಿಗಳನ್ನು ಸವರಿ, ಮೆತ್ತನೆಯ ಭಾಗವನ್ನು ಕೆತ್ತಿ, ಸಂಜೆಗೆ ಗಡಿಗೆ ಕಟ್ಟುತ್ತಿದ್ದರು. ಬೆಳಗ್ಗೆ ಸಿಹಿಯಾಗಿರುವ ರಸವು ಬಿಸಿಲೇರಿದಂತೆ ಹುಳಿತು ಮತ್ತೇರಿಸುತ್ತದೆ, ಮರುದಿನಕ್ಕೆ ಕುಡಿಯಲಾಗದಷ್ಟು ಹುಳಿಯಾಗುತ್ತದೆ. ಮರುವರ್ಷ ಎದುರು ಬದಿಯಲ್ಲಿ ಕೆತ್ತುವುದರಿಂದ ಕಾಂಡವು ಮೇಲಕ್ಕೆ ಅಂಕುಡೊಂಕಾಗಿ ಸಾಗುತ್ತದೆ, ಮತ್ತು ಆ ಕಚ್ಚುಗಳನ್ನು ಎಣಿಸಿದರೆ ಮರವನ್ನು ಎಷ್ಟು ವರ್ಷ ಇಳಿಸಲಾಗಿದೆಯೆಂಬುದು ತಿಳಿಯುತ್ತದೆ.

ಬರಹದಲ್ಲಿ ಈ ಕಸುಬಿಗೆ ದೊರೆತ ಅತ್ಯಂತ ಗೌರವದ ಸಾಕ್ಷಿ ವಚನಸಾಹಿತ್ಯವೇ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹೆಂಡ ಮಾರುವ ಕಾಯಕದಲ್ಲಿದ್ದ ಹೆಂಡದ ಮಾರಯ್ಯ ‘ಧರ್ಮೇಶ್ವರಲಿಂಗ’ ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದ್ದಾನೆ. ಅಂಕಿತವೆಂದರೆ ವಚನಕಾರನು ತನ್ನ ರಚನೆಗೆ ಒತ್ತುವ ದೈವನಾಮದ ಮುದ್ರೆ. ಕುಡಿಯಲು ಬಂದವರಿಗೆ ಕುಡಿತ ಬಿಡುವಂತೆ ಬುದ್ಧಿ ಹೇಳುತ್ತಿದ್ದನೆಂದು ಪರಂಪರೆ ಅವನನ್ನು ನೆನೆಯುತ್ತದೆ, ಅವನ ವಚನಗಳಾದರೋ ತನ್ನ ಕಸುಬಿನ ಪರಿಭಾಷೆಯಲ್ಲಿಯೇ ಅನುಭಾವವನ್ನು ನುಡಿಯುತ್ತವೆ. ಶರಣರು ಈ ಕಸುಬಿನವನನ್ನು ಹೊರಗಿಡಲಿಲ್ಲವೆಂಬುದು ಕಲ್ಯಾಣದ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ.

ಹದಿನೈದನೆಯ ಶತಮಾನದಲ್ಲಿ ಬಹಮನಿ ಬೀದರಿಗೆ ಬಂದ ರಷ್ಯಾದ ವರ್ತಕ ಅಫನಾಸಿ ನಿಕಿತಿನ್, ಈ ದೇಶದ ಜನ ದೊಡ್ಡ ತೆಂಗಿನಕಾಯಿಯಿಂದ ಮದ್ಯ ಮಾಡುತ್ತಾರೆಂದು ಬರೆದಿಟ್ಟ. ದಖನಿಗೆ ದ್ರಾಕ್ಷಿ ಅಪರಿಚಿತವಾಗಿತ್ತೆಂದು ಇದರಿಂದ ತಿಳಿಯಬಾರದು. ಅವನಿಗಿಂತ ನೂರಕ್ಕೂ ಹೆಚ್ಚು ವರ್ಷ ಮೊದಲೇ ಪ್ರವಾಸಿ ಇಬ್ನ್ ಬತೂತಾ ದೌಲತಾಬಾದಿನ ದ್ರಾಕ್ಷಿ ವರ್ಷಕ್ಕೆರಡು ಸಲ ಫಲ ಕೊಡುವುದನ್ನು ದಾಖಲಿಸಿದ್ದಾನೆ. ಹಾಗಿದ್ದರೂ ನೀರು ಹಾಯಿಸಿ, ಕತ್ತರಿಸಿ ಸಾಕಬೇಕಾದ ಬಳ್ಳಿಗಿಂತ, ಯಾರೂ ನೆಡದ ಈಚಲು ಬಡವರ ಕೈಗೆ ಹತ್ತಿರವಿತ್ತು.

ನಿಜಾಮರ ಆಳ್ವಿಕೆಯಲ್ಲಿ ಅದೇ ಮರ ಖಜಾನೆಯ ಕಣ್ಣಿಗೆ ಬಿತ್ತು. ಮಾದಕ ಪದಾರ್ಥಗಳ ಮೇಲಿನ ತೆರಿಗೆಯಾದ ಅಬಕಾರಿಯು ಹೈದರಾಬಾದ್ ಸಂಸ್ಥಾನದ ದೊಡ್ಡ ಆದಾಯಗಳಲ್ಲೊಂದಾಯಿತು. ಇಳಿಸುವ, ಮಾರುವ ಹಕ್ಕುಗಳು ಗುತ್ತಿಗೆದಾರರ ಪಾಲಾದವು. ಮರ ಏರುವವನಿಗೂ ಕುಡಿಯುವವನಿಗೂ ನಡುವೆ ಹೀಗೆ ಮೂರನೆಯವನೊಬ್ಬ ನಿಂತದ್ದೇ ಈ ಕಸುಬಿನ ನಿಜವಾದ ತಿರುವು ಎನ್ನಬೇಕು. 1956ರಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಆ ವ್ಯವಸ್ಥೆ ಬಹುಕಾಲ ಉಳಿಯಿತು. 2007ರ ಜುಲೈ 1ರಿಂದ ರಾಜ್ಯವು ಸಾರಾಯಿಯನ್ನು ನಿಷೇಧಿಸಿತು. ಸೇಂದಿಯ ಮೇಲೂ ಅದು ಹೇರಿದ ನಿಷೇಧವಂತೂ ಇಲ್ಲಿಯ ಈಡಿಗರ ಕುಲಕಸುಬನ್ನೇ ನಿಲ್ಲಿಸಿತು. ಮರ ಆರಿಸುವ, ಕೆತ್ತುವ ವಿದ್ಯೆಯನ್ನು ಬಲ್ಲ ಹಿರಿಯರು ಇರುವಾಗಲೇ ಅವರಿಂದ ಕೇಳಿ ಬರೆದಿಡುವ ಕೆಲಸ ಆಗಬೇಕಾಗಿದೆ.