ಸೀಳುಬಿದಿರಿನ ಗಾಳದ ಕೋಲು

ಸೀಳುಬಿದಿರಿನ ಗಾಳದ ಕೋಲು ಎಂಬುದು ಬಿದಿರಿನ ಗಳುವನ್ನು ಉದ್ದಕ್ಕೆ ಸೀಳಿ, ಪ್ರತಿಯೊಂದು ಸೀಳನ್ನೂ ತ್ರಿಕೋನಾಕಾರಕ್ಕೆ ಹೆರೆದು, ಅಂತಹ ಆರು ಸೀಳುಗಳನ್ನು ಅಂಟಿನಿಂದ ಒಂದುಗೂಡಿಸಿ ತಯಾರಿಸುವ ಷಟ್ಕೋನಾಕಾರದ ಕೋಲು. ಫ್ಲೈ ಫಿಶಿಂಗ್ ಎಂದು ಕರೆಯಲಾಗುವ ಮೀನುಗಾರಿಕೆಯಲ್ಲಿ ಇದನ್ನು ಬಳಸುತ್ತಾರೆ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಿಂದ ಸುಮಾರು ನೂರು ವರ್ಷಗಳ ಕಾಲ ಅಮೆರಿಕ ಮತ್ತು ಯುರೋಪುಗಳಲ್ಲಿ ಪ್ರಚಲಿತವಾಗಿದ್ದ ಈ ಕೋಲು, ಫೈಬರ್ ಗ್ಲಾಸ್ ಮತ್ತು ಗ್ರಾಫೈಟ್ ಕೋಲುಗಳ ಆಗಮನದ ನಂತರ ಕೈಕಸುಬಿನ ವಸ್ತುವಾಗಿ ಉಳಿದುಕೊಂಡಿದೆ.

ಉಪಯೋಗ ಮತ್ತು ತತ್ತ್ವ

ಸಾಮಾನ್ಯ ಗಾಳದಲ್ಲಿ ಎರೆಯ ಅಥವಾ ಸೀಸದ ಗುಂಡಿನ ಭಾರವು ದಾರವನ್ನು ದೂರಕ್ಕೆ ಎಳೆದೊಯ್ಯುತ್ತದೆ. ಫ್ಲೈ ಫಿಶಿಂಗ್‌ನಲ್ಲಿ ಬಳಸುವುದು ಗರಿ, ರೋಮ ಹಾಗೂ ದಾರಗಳನ್ನು ಕೊಕ್ಕೆಗೆ ಸುತ್ತಿ ಮಾಡಿದ ಕೃತಕ ನೊಣ. ಇದಕ್ಕೆ ತೂಕವೇ ಇಲ್ಲವೆನ್ನಬಹುದು. ಆದುದರಿಂದ ಇಲ್ಲಿ ದಾರವನ್ನೇ ದಪ್ಪವಾಗಿ, ಭಾರವಾಗಿ ಮಾಡಿರುತ್ತಾರೆ. ಬೀಸಿದಾಗ ಕೋಲು ಬಿಲ್ಲಿನಂತೆ ಬಾಗಿ, ಮರಳಿ ನೇರವಾಗುವಾಗ ದಾರವನ್ನು ಮುಂದಕ್ಕೆ ಎಸೆಯುತ್ತದೆ. ಕೋಲು ಎಲ್ಲಿ ಎಷ್ಟು ಬಾಗಬೇಕು ಎಂಬುದು ಬುಡದಿಂದ ತುದಿಯವರೆಗೆ ಅದು ಸಣ್ಣದಾಗುತ್ತಾ ಹೋಗುವ ಕ್ರಮವನ್ನು ಅವಲಂಬಿಸಿದೆ. ಈ ಕ್ರಮಕ್ಕೆ 'ಟೇಪರ್' ಎಂದು ಹೆಸರು.

ಕೋಲಿನ ಬಿಗಿಯು ಅದರ ದಪ್ಪದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ತುದಿಯ ಬಳಿ ಕೋಲಿನ ದಪ್ಪವು ಎದುರುಬದುರಿನ ಮುಖಗಳ ನಡುವೆ 1.8 ಮಿ.ಮೀ. ಇರಬೇಕೆಂದು ಭಾವಿಸೋಣ. ಆಗ ಪ್ರತಿ ಸೀಳಿನ ಎತ್ತರ ಅದರ ಅರ್ಧ, ಅಂದರೆ 0.9 ಮಿ.ಮೀ. ಪ್ರತಿ ಸೀಳಿನಲ್ಲಿ 0.05 ಮಿ.ಮೀ. ಹೆಚ್ಚಾದರೆ ಕೋಲಿನ ದಪ್ಪ 0.1 ಮಿ.ಮೀ. ಹೆಚ್ಚುತ್ತದೆ, ಆ ಭಾಗದ ಬಿಗಿ ಸುಮಾರು ಶೇಕಡಾ 24ರಷ್ಟು ಏರುತ್ತದೆ. ಕಣ್ಣಿಗೆ ಕಾಣದ ಈ ತಪ್ಪನ್ನು ಬೀಸುವ ಕೈ ತಕ್ಷಣ ಗುರುತಿಸುತ್ತದೆ. ಈ ಕಸುಬಿನಲ್ಲಿ ಅಳತೆಗೆ ಅಷ್ಟೊಂದು ಮಹತ್ತ್ವವಿರುವುದು ಈ ಕಾರಣದಿಂದ.

ಇತಿಹಾಸ

ಮೊದಲಿಗೆ ಇಂತಹ ಕೋಲುಗಳನ್ನು ಹಿಕರಿ, ಗ್ರೀನ್‌ಹಾರ್ಟ್, ಲ್ಯಾನ್ಸ್‌ವುಡ್ ಮುಂತಾದ ಗಟ್ಟಿ ಮರಗಳಿಂದ ಮಾಡುತ್ತಿದ್ದರು. ಅಮೆರಿಕದ ಪೆನ್ಸಿಲ್ವೇನಿಯಾದ ಈಸ್ಟನ್ ಪಟ್ಟಣದಲ್ಲಿ ಬಂದೂಕು ತಯಾರಕನಾಗಿದ್ದ ಸ್ಯಾಮ್ಯುಯೆಲ್ ಫಿಲಿಪ್, 1840ರ ದಶಕದಲ್ಲಿ ಬಿದಿರಿನ ಸೀಳುಗಳನ್ನು ಅಂಟಿಸಿ ಕೋಲು ಮಾಡಿದ ಮೊದಲಿಗರಲ್ಲಿ ಒಬ್ಬನೆಂದು ಪ್ರಸಿದ್ಧನಾಗಿದ್ದಾನೆ. ಮೇಯ್ನ್ ರಾಜ್ಯದ ಬ್ಯಾಂಗರ್‌ನ ಹೈರಮ್ ಲೆನರ್ಡ್ ಆರು ಸೀಳುಗಳ ಕೋಲನ್ನು ವ್ಯಾಪಾರದ ಪ್ರಮಾಣದಲ್ಲಿ ತಯಾರಿಸಿದನು. ಸೀಳುಗಳನ್ನು ಓರೆಯಾಗಿ ಕತ್ತರಿಸುವ ಯಂತ್ರವನ್ನು ರೂಪಿಸಿದನು. ಆ ಯಂತ್ರವನ್ನು ಬೀಗ ಹಾಕಿದ ಕೋಣೆಯಲ್ಲಿ ಇರಿಸಿ ಅದರ ರಹಸ್ಯವನ್ನು ಕಾಪಾಡಲಾಗುತ್ತಿತ್ತು.

ಆರಂಭದ ಕೋಲುಗಳಿಗೆ ಬಳಸಿದ ಬಿದಿರು ಭಾರತದ್ದು. ಕಲ್ಕತ್ತಾ ಬಂದರಿನಿಂದ ಹಡಗೇರುತ್ತಿದ್ದ ಕಾರಣ ಅದಕ್ಕೆ 'ಕಲ್ಕತ್ತಾ ಕೇನ್' ಎಂಬ ಹೆಸರು ಬಂದಿತು. ಇದನ್ನು ಸಾಮಾನ್ಯವಾಗಿ ಡೆಂಡ್ರೊಕ್ಯಾಲಮಸ್ ಸ್ಟ್ರಿಕ್ಟಸ್ ಜಾತಿಯದೆಂದು ಗುರುತಿಸಲಾಗುತ್ತದೆ. ಕರ್ನಾಟಕದ ಎಲೆಯುದುರುವ ಕಾಡುಗಳಲ್ಲಿ ಬೆಳೆಯುವ ಗಂಡುಬಿದಿರು ಇದೇ ಜಾತಿಗೆ ಸೇರಿದೆ. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಚೀನಾದ ಟಾಂಕಿನ್ ಬಿದಿರು ಇದರ ಸ್ಥಾನವನ್ನು ಪಡೆಯಿತು.

1950ರಲ್ಲಿ, ಕೊರಿಯಾ ಯುದ್ಧದ ಸಂದರ್ಭದಲ್ಲಿ, ಅಮೆರಿಕವು ಚೀನಾದೊಡನೆ ವ್ಯಾಪಾರವನ್ನು ನಿಷೇಧಿಸಿತು. ಬಿದಿರಿನ ಆಮದು ನಿಂತಿತು. ದಾಸ್ತಾನು ಇದ್ದವರು ಮಾತ್ರ ಕೆಲಸ ಮುಂದುವರಿಸಿದರು. ಅದೇ ಕಾಲಕ್ಕೆ ಅಗ್ಗದ ಫೈಬರ್ ಗ್ಲಾಸ್ ಕೋಲುಗಳು ಮಾರುಕಟ್ಟೆಗೆ ಬಂದವು. 1970ರ ದಶಕದ ಆದಿಯಲ್ಲಿ ನಿಷೇಧ ತೆರವಾಗುವಷ್ಟರಲ್ಲಿ ಹಲವು ಕಾರ್ಖಾನೆಗಳು ಬಿದಿರಿನ ಕೆಲಸವನ್ನು ಬಿಟ್ಟಿದ್ದವು. ಟೇಪರ್‌ಗಳನ್ನು ಗುಟ್ಟಾಗಿ ಇಟ್ಟುಕೊಳ್ಳುತ್ತಿದ್ದ ಕಸುಬಾದುದರಿಂದ, ತಿಳಿದವರು ತೀರಿಕೊಂಡಂತೆ ವಿದ್ಯೆಯೂ ಅಳಿಯುವ ಅಪಾಯವಿತ್ತು. ಎಂಜಿನಿಯರ್ ಎವರೆಟ್ ಗ್ಯಾರಿಸನ್ ತನ್ನ ವಿಧಾನವನ್ನೂ ಲೆಕ್ಕಾಚಾರವನ್ನೂ ಹೋಗಿ ಕಾರ್ಮೈಕಲ್ ಎಂಬ ಶಿಷ್ಯನಿಗೆ ತಿಳಿಸಿಕೊಟ್ಟನು. ಗ್ಯಾರಿಸನ್ 1975ರಲ್ಲಿ ನಿಧನ ಹೊಂದಿದನು. ಇಬ್ಬರ ಹೆಸರಿನಲ್ಲಿ 1977ರಲ್ಲಿ ಪ್ರಕಟವಾದ ಗ್ರಂಥವು ಮನೆಯಲ್ಲಿ ಕುಳಿತು ಕೋಲು ಮಾಡುವವರ ಹೊಸ ಪೀಳಿಗೆಗೆ ದಾರಿಯಾಯಿತು.

ಟಾಂಕಿನ್ ಬಿದಿರು

ಇದರ ಸಸ್ಯಶಾಸ್ತ್ರೀಯ ಹೆಸರು ಸ್ಯೂಡೊಸಾಸ ಅಮಾಬಿಲಿಸ್. ಚೀನಾದ ಗ್ವಾಂಗ್‌ಡಾಂಗ್ ಪ್ರಾಂತದ ಹ್ವಾಯ್‌ಜಿ ಪರಿಸರ ಇದರ ಮುಖ್ಯ ನೆಲೆ. ಟಾಂಕಿನ್ ಎಂಬುದು ವಿಯೆಟ್ನಾಮಿನ ಪ್ರದೇಶದ ಹೆಸರಾದರೂ ಈ ಬಿದಿರು ಅಲ್ಲಿಂದ ಬರುವುದಲ್ಲ. ಇದರ ಗಳು ನೇರವಾಗಿದ್ದು, ಗೆಣ್ಣುಗಳು ಹೆಚ್ಚು ಉಬ್ಬಿರುವುದಿಲ್ಲ. ಹೊರಸಿಪ್ಪೆಯ ಕೆಳಗೆ ಬಲವಾದ ನಾರುಗಳು ಒತ್ತೊತ್ತಾಗಿ ಹೆಣೆದುಕೊಂಡಿರುತ್ತವೆ. ಒಳಕ್ಕೆ ಹೋದಂತೆ ನಾರು ವಿರಳವಾಗಿ ಮೆದುವಾದ ತಿರುಳು ಹೆಚ್ಚುತ್ತದೆ. ಆದುದರಿಂದ ಸೀಳಿನ ಒಳಭಾಗವನ್ನು ಮಾತ್ರ ಹೆರೆದು, ಹೊರಮೈಯ ನಾರನ್ನು ಹಾಗೆಯೇ ಉಳಿಸಿಕೊಳ್ಳುವುದು ಈ ಕಸುಬಿನ ಮೂಲ ನಿಯಮ.

ತಯಾರಿಕೆ

ಸೀಳುವುದು: ಒಣಗಿದ ಗಳುವನ್ನು ಕತ್ತಿಯಿಂದ ಸೀಳಲಾಗುತ್ತದೆ. ಗರಗಸದಿಂದ ಕೊಯ್ದರೆ ನಾರು ಅಡ್ಡಕ್ಕೆ ಕತ್ತರಿಸಿಹೋಗಬಹುದು. ಸೀಳಿದಾಗ ಬಿರುಕು ನಾರಿನ ಜಾಡನ್ನೇ ಹಿಡಿದು ಸಾಗುತ್ತದೆ. ಬುಡದ ಒಂದು ಭಾಗ, ಬದಲಿ ಸಹಿತ ಎರಡು ತುದಿಗಳು ಇರುವ ಕೋಲಿಗೆ ಒಟ್ಟು 18 ಸೀಳುಗಳು ಬೇಕಾಗುತ್ತವೆ.

ಗೆಣ್ಣುಗಳನ್ನು ಸರಿಪಡಿಸುವುದು: ಗೆಣ್ಣಿನ ಉಬ್ಬನ್ನು ಅರದಿಂದ ಉಜ್ಜಿ, ಬಿಸಿ ಮಾಡಿ ಒತ್ತಿ, ಸೊಟ್ಟಗಿರುವ ಸೀಳನ್ನು ನೇರ ಮಾಡುತ್ತಾರೆ. ಗೆಣ್ಣು ನಾರಿನ ದುರ್ಬಲ ಸ್ಥಾನ. ಆರೂ ಸೀಳುಗಳ ಗೆಣ್ಣುಗಳು ಒಂದೇ ಕಡೆ ಬಂದರೆ ಕೋಲು ಅಲ್ಲಿಯೇ ಮುರಿಯುತ್ತದೆ. ಆದ್ದರಿಂದ ಸೀಳುಗಳನ್ನು ಹಿಂದೆ ಮುಂದೆ ಸರಿಸಿ ಪಕ್ಕಪಕ್ಕದ ಗೆಣ್ಣುಗಳು ಕೂಡದಂತೆ ಜೋಡಿಸಿ, ಅನಂತರ ಉದ್ದವನ್ನು ಕತ್ತರಿಸುತ್ತಾರೆ.

ಹದಗೊಳಿಸುವುದು: ಸೀಳುಗಳನ್ನು ಒರಟಾಗಿ 60 ಅಂಶ ಕೋನದ ತ್ರಿಕೋನಕ್ಕೆ ತಂದು, ಒಟ್ಟಿಗೆ ದಾರದಿಂದ ಬಿಗಿದು ಒಲೆಯಲ್ಲಿ ಸುಮಾರು 180 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕೆಲವು ನಿಮಿಷ ಒಡ್ಡುತ್ತಾರೆ. ತೇವ ಹೋಗಿ ಬಿದಿರು ಬಿಗಿಯಾಗುತ್ತದೆ. ಶಾಖ ಮಿತಿಮೀರಿದರೆ ಅದು ಪೆಡಸಾಗಿ ಮುರಿಯುವಂತಾಗುತ್ತದೆ.

ಅಂತಿಮವಾಗಿ ಹೆರೆಯುವುದು: ಇದಕ್ಕೆ ಬಳಸುವ ಅಚ್ಚು ಜೋಡಿಯಾಗಿ ಇರಿಸಿದ ಎರಡು ಉಕ್ಕಿನ ಪಟ್ಟಿಗಳಿಂದ ಆದುದು. ಅವುಗಳ ನಡುವೆ 'ವಿ' ಆಕಾರದ ಕಾಲುವೆಯಿದೆ. ಸಾಮಾನ್ಯವಾಗಿ 5 ಅಂಗುಲಕ್ಕೆ ಒಂದರಂತೆ ಇರುವ ತಿರುಪುಗಳಿಂದ ಕಾಲುವೆಯನ್ನು ಅಗಲಿಸಿ ಅಥವಾ ಕಿರಿದುಗೊಳಿಸಿ ಬೇಕಾದ ಆಳಕ್ಕೆ ಹೊಂದಿಸುತ್ತಾರೆ. ಸೀಳಿನ ಸಿಪ್ಪೆಯ ಮುಖವನ್ನು ಕಾಲುವೆಯ ಗೋಡೆಗೆ ತಾಗಿಸಿಟ್ಟು, ಹರಿತವಾದ ಉಜ್ಜುಗೊರಡಿನಿಂದ ಉಳಿದ ಎರಡು ಮುಖಗಳನ್ನು ಸರದಿಯಂತೆ ಹೆರೆಯುತ್ತಾರೆ. ಉಜ್ಜುಗೊರಡು ಉಕ್ಕಿನ ಮಟ್ಟಕ್ಕೆ ಬಂದಾಗ ಸೀಳು ಸಿದ್ಧವಾಯಿತೆಂದು ಅರ್ಥ. ಅಲಗು ಮೊಂಡಾದರೆ ಗೆಣ್ಣಿನ ಬಳಿ ನಾರು ಕಿತ್ತುಬರುತ್ತದೆ. ಕಿತ್ತುಬಂದ ನಾರನ್ನು ಮರಳಿ ಕೂಡಿಸಲು ಸಾಧ್ಯವಿಲ್ಲ. ಆ ಸೀಳನ್ನು ಬಿಟ್ಟು ಇನ್ನೊಂದನ್ನು ಮೊದಲಿನಿಂದ ಮಾಡಬೇಕಾಗುತ್ತದೆ.

ಅಂಟಿಸುವುದು: ಹಿಂದೆ ಪ್ರಾಣಿಗಳ ಚರ್ಮದಿಂದ ತೆಗೆದ ಸರೇಸನ್ನು ಬಳಸುತ್ತಿದ್ದರು. ಅದು ತೇವಕ್ಕೆ ಸಡಿಲಗೊಳ್ಳುತ್ತಿತ್ತು. ಈಗ ರೆಸಾರ್ಸಿನಾಲ್, ಯೂರಿಯಾ ಫಾರ್ಮಾಲ್ಡಿಹೈಡ್ ಅಥವಾ ಎಪಾಕ್ಸಿ ಅಂಟುಗಳು ಬಳಕೆಯಲ್ಲಿವೆ. ಅಂಟು ಸವರಿದ ಆರು ಸೀಳುಗಳನ್ನು ಸುತ್ತಿ, ಎರಡೂ ದಿಕ್ಕಿನಿಂದ ದಾರ ಬಿಗಿಯುತ್ತಾರೆ. ಒಂದೇ ದಿಕ್ಕಿನಿಂದ ಬಿಗಿದರೆ ಕೋಲು ತಿರುಚಿಕೊಳ್ಳುತ್ತದೆ. ಅಂಟು ಆರುವ ಮೊದಲು ಕಣ್ಣಳತೆಯಿಂದ ಕೋಲನ್ನು ನೇರ ಮಾಡುತ್ತಾರೆ.

ಅಂತಿಮ ರೂಪ

ಅಂಟು ಗಟ್ಟಿಯಾದ ಮೇಲೆ ದಾರವನ್ನು ಬಿಚ್ಚಿ, ಹೊರಗೆ ಉಳಿದ ಅಂಟನ್ನೂ ತೆಳುವಾದ ಸಿಪ್ಪೆಯನ್ನೂ ಕೆರೆದು ತೆಗೆಯಲಾಗುತ್ತದೆ. ಕೋಲಿನ ಎರಡು ಭಾಗಗಳನ್ನು ಕೂಡಿಸಲು ಜರ್ಮನ್ ಸಿಲ್ವರ್ ಲೋಹದ ಕೊಳವೆಗಳನ್ನು ತೊಡಿಸುತ್ತಾರೆ. ಗಂಡು ಕೊಳವೆಯು ಹೆಣ್ಣು ಕೊಳವೆಯಲ್ಲಿ ಬಿಗಿಯಾಗಿ, ಆದರೆ ಸಿಕ್ಕಿಕೊಳ್ಳದಂತೆ ಕೂರಬೇಕು. ಕಾರ್ಕ್ ಬಳೆಗಳನ್ನು ಪೋಣಿಸಿ ಅಂಟಿಸಿ, ಕಡೆದು ಹಿಡಿಕೆ ಮಾಡುತ್ತಾರೆ. ಅದರ ಹಿಂದೆ ರೀಲು ಕೂರುವ ಮರದ ಪೀಠವಿರುತ್ತದೆ.

ದಾರ ಹಾಯುವ ತಂತಿಯ ಉಂಗುರಗಳನ್ನು ರೇಷ್ಮೆ ದಾರದಿಂದ ಸುತ್ತಿ ಕಟ್ಟುತ್ತಾರೆ. ವಾರ್ನಿಷ್ ಹೀರಿದ ರೇಷ್ಮೆ ಪಾರದರ್ಶಕವಾಗಿ ಅದರ ಬಣ್ಣ ಗಾಢವಾಗುತ್ತದೆ. ಕಡೆಯದಾಗಿ, ವಾರ್ನಿಷ್ ತುಂಬಿದ ಎತ್ತರದ ಕೊಳವೆಯಲ್ಲಿ ಕೋಲನ್ನು ಮುಳುಗಿಸಿ, ಅತಿ ನಿಧಾನವಾಗಿ ಮೇಲಕ್ಕೆ ಎಳೆಯಲಾಗುತ್ತದೆ. ವೇಗ ಹೆಚ್ಚಿದರೆ ವಾರ್ನಿಷ್ ಇಳಿದು ಹನಿಗಟ್ಟುತ್ತದೆ. ಒಣಗುವವರೆಗೆ ಧೂಳಿಲ್ಲದ ಸ್ಥಳ ಅವಶ್ಯ. ಒಂದು ಕೋಲಿನ ಕೆಲಸಕ್ಕೆ ಸಾಮಾನ್ಯವಾಗಿ 40 ಗಂಟೆಗೂ ಹೆಚ್ಚು ಶ್ರಮ ಬೇಕಾಗುತ್ತದೆ. ಅಂಟು ಮತ್ತು ವಾರ್ನಿಷ್ ಆರುವ ದಿನಗಳು ಇದರಲ್ಲಿ ಸೇರಿಲ್ಲ.

ಆರೈಕೆ

ಬಿದಿರಿನ ಕೋಲಿಗೆ ತೇವವೇ ದೊಡ್ಡ ಶತ್ರು. ಒದ್ದೆಯಾದ ಕೋಲನ್ನು ಒರೆಸದೆ ಮುಚ್ಚಿದ ಕೊಳವೆಯಲ್ಲಿ ಇಟ್ಟರೆ ವಾರ್ನಿಷ್ ಗುಳ್ಳೆ ಏಳುತ್ತದೆ. ಭಾಗಗಳನ್ನು ಬೇರ್ಪಡಿಸುವಾಗ ತಿರುಚದೆ ನೇರವಾಗಿ ಎಳೆಯಬೇಕು. ಬಹುಕಾಲ ಗೋಡೆಗೆ ಒರಗಿಸಿಟ್ಟ ಕೋಲು ಬಾಗಿ ಹಾಗೆಯೇ ನಿಲ್ಲಬಹುದು. ಇಂತಹ ಬಾಗನ್ನು ಹದವಾದ ಶಾಖದಿಂದ ತಿದ್ದಬಹುದಾಗಿದೆ. ಚೆನ್ನಾಗಿ ನೋಡಿಕೊಂಡ ಕೋಲುಗಳು ಒಂದು ತಲೆಮಾರಿನಿಂದ ಮುಂದಿನ ತಲೆಮಾರಿಗೆ ಸಾಗಿ ಇಂದಿಗೂ ಬಳಕೆಯಲ್ಲಿವೆ.