ಉತಾರ ಬದಲಾಯಿತು, ಆಣೆ ಉಳಿಯಿತು

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ರೈತರಿಗೆ ಪಹಣಿ ಪತ್ರಿಕೆ ಎಂದರೆ ಇಂದಿಗೂ ‘ಉತಾರ’. ಬೆಳೆಸಾಲಕ್ಕೂ ಅಣ್ಣತಮ್ಮಂದಿರ ಪಾಲಿಗೂ ಮೊದಲು ಬೇಕಾಗುವುದು ಅದೇ. ಹೆಸರು ಉಳಿದಿದೆ. ಆದರೆ ಅರ್ಧ ಶತಮಾನದಲ್ಲಿ ಅದನ್ನು ಬರೆಯುವ ಕೈ, ನಮೂನೆ, ಸಾಧನ ಮೂರೂ ಬದಲಾದವು.

ಮೊದಲು ಬದಲಾದದ್ದು ಕೈ. ಸವಣೂರು ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಆ ಪ್ರಾಂತದ 1950ರ ಕಾಯ್ದೆ ವಂಶಪಾರಂಪರ್ಯದ ಕುಲಕರ್ಣಿ ವತನವನ್ನು ರದ್ದುಪಡಿಸಿತು. ಮನೆತನದ ದಫ್ತರವು ಸಂಬಳದ ತಲಾಟಿಯ ಕೈಸೇರಿತು.

ಬಳಿಕ ನಮೂನೆಯ ಸರದಿ. 1956ರ ಏಕೀಕರಣದವರೆಗೆ ಇಲ್ಲಿ ಮುಂಬಯಿಯ ‘ಏಳು-ಹನ್ನೆರಡು’ ನಡೆಯುತ್ತಿತ್ತು. ಏಳನೇ ನಮೂನೆ ಹಕ್ಕಿಗೆ, ಹನ್ನೆರಡನೆಯದು ಬೆಳೆಗೆ. ಮೈಸೂರು ರಾಜ್ಯದ 1964ರ ಭೂಕಂದಾಯ ಕಾಯ್ದೆ, 1966ರ ನಿಯಮಗಳೊಂದಿಗೆ ಹಕ್ಕು, ಗೇಣಿ, ಬೆಳೆ ಮೂರನ್ನೂ ಹೇಳುವ 16ನೇ ನಮೂನೆ ಬಂತು. 9ನೇ ಕಾಲಂ ಎಂದರೆ ಖಾತೆದಾರ, 11 ಎಂದರೆ ಋಣಭಾರ ಎಂಬುದನ್ನು ತಲಾಟಿಯಷ್ಟೇ ಅಲ್ಲ, ಓದುಬರಹ ಬಾರದ ರೈತನೂ ಕಲಿಯಬೇಕಾಯಿತು.

ಮೂರನೆಯ ಬದಲಾವಣೆ ‘ಭೂಮಿ’ ತಂತ್ರಾಂಶದ್ದು. 2000ದ ಸುಮಾರಿಗೆ ಆರಂಭವಾಗಿ ಕೆಲವೇ ವರ್ಷಗಳಲ್ಲಿ ರಾಜ್ಯದ ಆಗಿನ 177 ತಾಲ್ಲೂಕುಗಳನ್ನು ವ್ಯಾಪಿಸಿದ ಈ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರ ಸೇರಿದವು. ಕೈಬರಹದ ಉತಾರಕ್ಕೆ ಮಾನ್ಯತೆ ತಪ್ಪಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಮುದ್ರಿತ ಪ್ರತಿ ಸಿಕ್ಕಿತು. ಹಕ್ಕು ಬದಲಾವಣೆಯ ಅರ್ಜಿಗಳಿಗೆ ಸರದಿ ಬಂತು. ತಿದ್ದಿದ ಅಧಿಕಾರಿಯ ಬೆರಳಗುರುತು ದಾಖಲಾಯಿತು.

ಲಾಭದ ಈ ಲೆಕ್ಕ ಎಲ್ಲರಿಗೂ ಗೊತ್ತು. ಮರುಕಲಿಕೆಯ ಖರ್ಚನ್ನು ಮಾತ್ರ ಯಾವ ಕಡತವೂ ಬರೆದಿಡಲಿಲ್ಲ. ಯಾವ ಸರ್ವೆ ನಂಬರು ಯಾವ ಪುಟದಲ್ಲಿದೆ ಎಂದು ಬಾಯಲ್ಲೇ ಹೇಳುತ್ತಿದ್ದ ಲೆಕ್ಕಿಗನ ಅನುಭವ ಒಮ್ಮೆಲೇ ಅಗ್ಗವಾಯಿತು. ಊರಲ್ಲೇ ಸಿಗುತ್ತಿದ್ದ ಕಾಗದಕ್ಕೆ ರೈತ ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಬೇಕಾಯಿತು. ಹಳೆಯ ಪುಟದಿಂದ ಯಂತ್ರಕ್ಕೆ ಇಳಿಸುವಾಗ ಹೆಸರಿನ ಒಂದಕ್ಷರ ತಪ್ಪಿದ್ದರೂ, ಅದನ್ನು ತಿದ್ದಿಸಿಕೊಳ್ಳುವ ಅಲೆದಾಟ ಹೊಲದ ಒಡೆಯನದೇ. ಸಾಧನ ಬದಲಿಸುವವರು ಒಬ್ಬರು, ಅದರ ಶುಲ್ಕ ತೆರುವವರು ಇನ್ನೊಬ್ಬರು.

ಆದರೂ ‘ಭೂಮಿ’ ಜನರಿಗೆ ತೀರ ಹೊರಗಿನದಾಗಲಿಲ್ಲ. ಅದು ಹಳೆಯ ಕಾಲಂಗಳನ್ನು ಕದಲಿಸಲಿಲ್ಲ. 9 ಒಂಬತ್ತಾಗಿಯೇ, 11 ಹನ್ನೊಂದಾಗಿಯೇ ಉಳಿಯಿತು. ಅಳತೆಯೂ ಹಾಗೆಯೇ. ಮೆಟ್ರಿಕ್ ಪದ್ಧತಿಯ ಕಾಯ್ದೆ ಬಂದದ್ದು 1956ರಲ್ಲಿ. ದಶಮಾಂಶ ನಾಣ್ಯ 1957ರಲ್ಲಿ ಬಂದು ಆಣೆಯನ್ನು ಪೇಟೆಯಿಂದ ಹೊರಗಟ್ಟಿತು. ಉತಾರದಲ್ಲಿ ಮಾತ್ರ 16 ಆಣೆಗೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ ಎಂಬ ಲೆಕ್ಕ ಗಣಕಯಂತ್ರದ ಪರದೆಯ ಮೇಲೂ ನಿಂತಿತು. ಆಣೆಯ ನಾಣ್ಯವನ್ನೇ ಕಾಣದ ತಲೆಮಾರು ತನ್ನ ಪಾಲಿನ ಹೊಲವನ್ನು ಇಂದಿಗೂ ಆಣೆಯಲ್ಲೇ ಎಣಿಸುತ್ತದೆ.