ಗಾಳಿಯನ್ನು ತೂಗಿದ ಪಾದರಸ

ಬಾವಿಯ ನೀರನ್ನು ಹೀರುವ ಪಂಪು ಅದನ್ನು ಸುಮಾರು 10 ಮೀಟರ್‌ಗಿಂತ ಮೇಲಕ್ಕೆ ಎಳೆಯಲಾರದು. ಏಕೆ? 17ನೇ ಶತಮಾನದ ಇಟಲಿಯಲ್ಲಿ ಇದೊಂದು ದೊಡ್ಡ ಒಗಟು. ಗೆಲಿಲಿಯೊನ ಕೊನೆಯ ದಿನಗಳಲ್ಲಿ ಜೊತೆಗಿದ್ದ ಟಾರಿಚೆಲ್ಲಿ, ಇದನ್ನು ಬಿಡಿಸಲು ನೀರಿನ ಬದಲು ಅದಕ್ಕಿಂತ 13.6 ಪಟ್ಟು ಭಾರವಾದ ಪಾದರಸವನ್ನು ಆರಿಸಿಕೊಂಡ.

ಒಂದು ತುದಿ ಮುಚ್ಚಿದ ಉದ್ದನೆಯ ಗಾಜಿನ ನಳಿಗೆ, ಅದರ ತುಂಬ ಪಾದರಸ. ಬಾಯಿಗೆ ಬೆರಳೊತ್ತಿ, ಪಾದರಸದ ಬಟ್ಟಲಿನಲ್ಲಿ ತಲೆಕೆಳಗಾಗಿ ನಿಲ್ಲಿಸಿ ಬೆರಳು ತೆಗೆದರೆ ಕಂಬ ಸರ್ರನೆ ಜಾರುತ್ತದೆ. ಆದರೆ ಪೂರ್ತಿ ಇಳಿಯದು, 76 ಸೆಂ.ಮೀ. ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಬಟ್ಟಲಿನ ಮೇಲೆ ಒತ್ತುವ ಗಾಳಿಯೇ ಅದಕ್ಕೆ ಆಧಾರ.

ಹಾಗಿದ್ದರೆ ಎತ್ತರ ಏರಿದಂತೆ ಒತ್ತಡ ಇಳಿಯಬೇಕಲ್ಲ? ಇದನ್ನು ಪರೀಕ್ಷಿಸಲು 1648ರ ಸೆಪ್ಟೆಂಬರ್ 19ರಂದು ವಿಜ್ಞಾನಿ ಪ್ಯಾಸ್ಕಲ್‌ನ ಭಾವ ಪೆರಿಯೆ ಪಾದರಸದ ನಳಿಗೆ ಹಿಡಿದು ಫ್ರಾನ್ಸಿನ ಪ್ಯುಯಿ ದ ಡೋಮ್ ಬೆಟ್ಟ ಹತ್ತಿದ. ತುದಿಯಲ್ಲಿ ಪಾದರಸ ಸುಮಾರು 8 ಸೆಂ.ಮೀ. ತಗ್ಗಿತ್ತು. ಕೆಳಗೆ ಮಠದ ತೋಟದಲ್ಲಿ ಸನ್ಯಾಸಿಯೊಬ್ಬರು ದಿನವಿಡೀ ಕಾವಲಿದ್ದ ಇನ್ನೊಂದು ನಳಿಗೆಯ ಪಾದರಸ ಮಾತ್ರ ಅಲುಗಲೇ ಇಲ್ಲ.

ಕಡಲಂಚಿನ ಮಂಗಳೂರಿನಲ್ಲಿ 76 ಸೆಂ.ಮೀ. ಹತ್ತಿರ ನಿಲ್ಲುವ ಕಂಬ, 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು 68ಕ್ಕೆ ಇಳಿಯುತ್ತದೆ.

ಇಂಥ ನಳಿಗೆಯಲ್ಲಿ ಒತ್ತಡದ ಅಳತೆ ಓದುವಾಗ ಪಾದರಸದ ಉಬ್ಬಿದ ನೆತ್ತಿಗೆ ಕಣ್ಣು ಸಮನಾಗಿರಲಿ.